ಭಾರದ್ವಾಜ ಗೋತ್ರದ ವನಜಾಕ್ಷಿ

ನಮ್ಮ ಭಾವನವರಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಬಾಸ್ಟನ್ನಿನಲ್ಲಿ ಓದುತ್ತಿದ್ದಾಳೆ. ಇನ್ನೊಬ್ಬಳು ಮಡಗಾಸ್ಕರ್ ದ್ವೀಪದ ಕಾಡಿನಲ್ಲಿ, ಮರದ ಮೇಲಿದ್ದಾಳೆ. ಎರಡನೆಯವಳಿಗೆ ಬಾಲವಿದೆ. ಇದು ನಾನು ಕಟ್ಟಿದ ಕತೆಯಲ್ಲ. ನ್ಯೂಜೆರ್ಸಿಯ ಈ ಸಮರ್‌ಸೆಟ್ಟಿನಲ್ಲಿ ಯಾರು ಸಿಕ್ಕರೂ ಭಾವನವರೇ ಹೀಗೆ ಹೇಳಿಕೊಳ್ಳುತ್ತಾರೆ. ನಾನು ಅವರ ಹೆಂಡತಿಯ ತಂಗಿ, ಎರಡೇ ಬೀದಿಯಾಚೆಗೆ ನನ್ನ ಮನೆ. ತಪ್ಪಿಸಿಕೊಳ್ಳುವುದೆಲ್ಲಿಗೆ?

ಇದಕ್ಕೆಲ್ಲ ಕಾರಣ ಬಾಲವಿಲ್ಲದ ಮಗಳು. ಅಪ್ಪನ ಹುಟ್ಟುಹಬ್ಬಕ್ಕೆ ಒಂದು ಶರ್ಟು ಕೊಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವಳು ಅಳಿವಿನಂಚಿನ ಪ್ರಾಣಿಗಳನ್ನು ಕಾಯುವ ಯಾವುದೋ ಸಂಸ್ಥೆಯ ಮೂಲಕ ಅಪ್ಪನ ಹೆಸರಿನಲ್ಲಿ ಒಂದು ಲೀಮರನ್ನು ‘ಅಡಾಪ್ಟ್’ ಮಾಡಿಸಿದಳು. ಲೀಮರ್ ಎಂದರೆ ನೋಡಲು ಇತ್ತ ಕೋತಿಯೂ ಅಲ್ಲ, ಅತ್ತ ಬೆಕ್ಕೂ ಅಲ್ಲ. ಕಪ್ಪು-ಬಿಳುಪು ಮೈ, ಕತ್ತಿನ ಸುತ್ತ ಮಫ್ಲರ್ ಸುತ್ತಿದ ಹಾಗೆ ರೋಮ, ಕಣ್ಣು ಮಾತ್ರ ನಿಂಬೆಹಣ್ಣಿನ ಬಣ್ಣ. ಆ ದ್ವೀಪ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲ. ಅಲ್ಲೂ ಮರ ಬಿದ್ದಂತೆಲ್ಲ ಕಡಿಮೆಯಾಗುತ್ತಿವೆ. ಕೈಗೆ ಬಂದದ್ದು ಒಂದು ಫೋಟೋ, ಒಂದು ಸರ್ಟಿಫಿಕೇಟು, ಆಗಾಗ ಕ್ಷೇಮಸಮಾಚಾರದ ಇಮೇಲು. ಬೇರೆಯವರಾಗಿದ್ದರೆ ಥ್ಯಾಂಕ್ಸ್ ಹೇಳಿ ಡ್ರಾಯರಿಗೆ ತುರುಕುತ್ತಿದ್ದರು. ಇವರು ಕನ್ನಡಕ ಏರಿಸಿ, ಸರ್ಟಿಫಿಕೇಟನ್ನು ಎರಡು ಸಲ ಓದಿ, ದತ್ತು ಎಂದ ಮೇಲೆ ಶಾಸ್ತ್ರೋಕ್ತವಾಗಿ ಆಗಬೇಕಲ್ಲ ಎಂದರು.

“ಡ್ಯಾಡ್, ಇಟ್ಸ್ ಜಸ್ಟ್ ಸಿಂಬಾಲಿಕ್,” ಎಂದಳು ಮಗಳು.

“ಸಿಂಬಾಲಿಕ್ ಆಗಿ ಯಾರೂ ಅಪ್ಪ ಆಗಲ್ಲ ಪುಟ್ಟಿ.”

ಆ ಶನಿವಾರವೇ ದೇವಸ್ಥಾನಕ್ಕೆ ಸವಾರಿ ಹೊರಟಿತು. ನನ್ನ ಗ್ರಹಚಾರ, ಕಾರಿನಲ್ಲಿ ನಾನೂ ಇದ್ದೆ. ಅರ್ಚನೆಗೆ ಹೆಸರು, ನಕ್ಷತ್ರ, ಗೋತ್ರ ಕೇಳುತ್ತಾರಷ್ಟೆ. ಭಾವ ತಮ್ಮದು, ಅಕ್ಕನದು, ಮಗಳದು ಹೇಳಿ, ಕೊನೆಗೆ “ವನಜಾಕ್ಷಿ” ಎಂದರು. ನಕ್ಷತ್ರ ಗೊತ್ತಿಲ್ಲ, ಕಾಡಿನಲ್ಲಿ ಹುಟ್ಟಿದ ಮಗು ಎಂದರು. ಯಾವುದೋ ಅನಾಥ ಹುಡುಗಿ ಇರಬೇಕೆಂದು ಭಟ್ಟರು ಮರುಗಿ, ಹೆಸರಿನ ಮೊದಲಕ್ಷರ ಹಿಡಿದು ರೋಹಿಣಿ ನಕ್ಷತ್ರವನ್ನು ದಯಪಾಲಿಸಿದರು. ಅಷ್ಟಕ್ಕೆ ಸುಮ್ಮನಿರಬಾರದೆ? ಭಾವ ಹೆಮ್ಮೆಯಿಂದ ಫೋನ್ ತೆಗೆದು ಫೋಟೋ ತೋರಿಸಿದರು! ಭಟ್ಟರ ಕೈಯ ಉದ್ಧರಣೆ ಅಲ್ಲೇ ನಿಂತಿತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಈ ಮನುಷ್ಯ ಯಾರೋ ಏನೋ ಎಂಬಂತೆ ನವಗ್ರಹಗಳನ್ನು ದಿಟ್ಟಿಸುತ್ತ ನಿಂತೆ.

ಭಟ್ಟರು ಸುಧಾರಿಸಿಕೊಂಡರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ಪದ್ಧತಿಯಿದೆ, ಹಾಗೇ ಮಾಡಿಬಿಡೋಣ ಎಂದರು. ಭಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ತಿಳೀದೆ ಏನು ಸ್ವಾಮಿ? ದತ್ತು ಮಗಳಿಗೆ ಅಪ್ಪನ ಗೋತ್ರ. ಭಾರದ್ವಾಜ ಅಂತಲೇ ಹೇಳಿ.”

ಅಂದಿನಿಂದ ಪ್ರತಿ ಶನಿವಾರ ನ್ಯೂಜೆರ್ಸಿಯ ದೇವರು ಮಡಗಾಸ್ಕರಿನ ಜವಾಬ್ದಾರಿಯನ್ನೂ ಹೊರಬೇಕಾಯಿತು.

ಆಮೇಲೆ ಶುರುವಾದದ್ದು ವೆನಿಲಾ ಸತ್ಯಾಗ್ರಹ. ಅವಳ ಕಾಡು ಕಡಿದು ವೆನಿಲಾ ಬೆಳೆಯುತ್ತಾರೆಂದು ಭಾವ ಎಲ್ಲೋ ಓದಿದರು. ನನ್ನ ಮಗಳ ಬರ್ತ್‌ಡೇಗೆ ಬಂದ ಭಾವ ವೆನಿಲಾ ಕೇಕಿನ ಮುಂದೆ ಕೈಕಟ್ಟಿ ನಿಂತು, ತಿನ್ನುವವರನ್ನೆಲ್ಲ ಮರಗಳ್ಳರನ್ನು ನೋಡುವ ಹಾಗೆ ನೋಡಿದರು. ತಾವು ಮಾತ್ರ ಚಾಕಲೇಟ್ ಐಸ್‌ಕ್ರೀಮ್ ಎರಡು ಬಟ್ಟಲು ಮುಗಿಸಿದರು. ಅಕ್ಕ ಡಬ್ಬಿ ತಿರುಗಿಸಿ ಅದರ ಬೆನ್ನಿನ ಸಣ್ಣಕ್ಷರ ತೋರಿಸಿದಳು. ಅದರಲ್ಲೂ ವೆನಿಲಾ! ಭಾವ ಮರುದಿನ ಉಪವಾಸ ಮಾಡಿದರು. ಮದುವೆಯಾದಾಗಿನಿಂದ ಒಂದೂ ಏಕಾದಶಿ ಮಾಡದ ಗಂಡ ಒಂದು ಕೋತಿಗಾಗಿ ಊಟ ಬಿಟ್ಟನೆಂದು ಅಕ್ಕ ಗೊಣಗಿದಳು. ಕೋತಿಯಲ್ಲ ಎಂಬ ತಿದ್ದುಪಡಿ ಹಸಿದ ಹೊಟ್ಟೆಯಿಂದಲೇ ಬಂತು.

ಬೇಸಿಗೆಯ ಇಮೇಲಿನಲ್ಲಿ ವನಜಾಕ್ಷಿ ಬಸುರಿ ಎಂದಿತ್ತು. ಪಕ್ಕದ ಊರಿನಲ್ಲಿ ಸಿಗುವ ಹಸಿರು ಬಳೆಗೆ ಭಾವ ಮೂರು ಸೇತುವೆ ದಾಟಿ ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನವರೆಗೆ ಡ್ರೈವ್ ಮಾಡಿದರು. ಅಲ್ಲಿ ಒಳ್ಳೆಯ ಗಾಜಿನ ಬಳೆ ಸಿಗುತ್ತದಂತೆ. ತಂದು ಫೋಟೋದ ಮುಂದಿಟ್ಟರು.

“ಅಳಿಯಂದ್ರು ಯಾವ ಕಡೆಯವ್ರು, ಅದನ್ನ ಮೊದಲು ವಿಚಾರಿಸಿ,” ಎಂದಳು ಅಕ್ಕ.

ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಮರದ ತುದಿಯಲ್ಲಿ ಗೂಡು ಕಟ್ಟಿ ಮರಿ ಹಾಕುತ್ತಾಳೆ, ಅವಳು ಹಣ್ಣು ಹುಡುಕಲು ಹೋದಾಗ ಬೇರೆ ಹೆಣ್ಣುಗಳು ಮರಿ ಕಾಯುತ್ತವೆ ಎಂದು ನಮಗೆಲ್ಲ ಪಾಠ ಮಾಡಿದರು. ನಮ್ಮಮ್ಮನನ್ನು ಅಕ್ಕನ ಬಾಣಂತನಕ್ಕೆ ಕರೆಸಲು ವೀಸಾಕ್ಕೆ ಪಟ್ಟ ಪಾಡು ನೆನೆದು, ವನಜಾಕ್ಷಿ ಪುಣ್ಯವಂತೆ ಎಂದು ನಿಟ್ಟುಸಿರಿಟ್ಟರು. ಎರಡು ಮರಿಯಾದ ಸುದ್ದಿ ಬಂದ ದಿನ ಇಡೀ ಆಫೀಸಿಗೆ ಪೇಡಾ ಹಂಚಿದರು. ಯಾರಿಗೆ ಹೆರಿಗೆ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ.

ನಮ್ಮ ಚಳಿಗಾಲದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿಯಿತು. ಡ್ರೈವ್‌ವೇಯಲ್ಲಿ ಮೊಣಕಾಲುದ್ದ ಸ್ನೋ ಬಿದ್ದಿದ್ದರೂ ಭಾವ ಸಲಿಕೆ ಬದಿಗಿಟ್ಟು ಇಮೇಲ್ ನೋಡುತ್ತ ಕೂರುತ್ತಿದ್ದರು. ಕೊನೆಗೆ ಒಂದು ಭಾನುವಾರ ಇಮೇಲು ಬಂತು. ಓದಲು ನನ್ನ ಕೈಗೆ ಕೊಟ್ಟರು. ಗೂಡಿದ್ದ ಮರ ಉರುಳಿದೆ, ತಾಯಿ-ಮರಿಗಳು ಈವರೆಗೆ ಕಂಡಿಲ್ಲ, ಹುಡುಕುತ್ತಿದ್ದೇವೆ. ಬೇಕಾದರೆ ತಾವು ಬೇರೊಂದು ಲೀಮರನ್ನು ಆರಿಸಿಕೊಳ್ಳಬಹುದು. ಕೆಳಗೆ ಮೂರು ಫೋಟೋ.

ಸಮಾಧಾನ ಮಾಡಲು ಹೋಗಿ ನನ್ನ ನಾಲಿಗೆ ಹಳೇ ಚಾಳಿಗೇ ಬಿತ್ತು. “ಹೋಗ್ಲಿ ಬಿಡಿ ಭಾವ, ಇನ್ನೊಂದು ಆರಿಸ್ಕೊಳ್ಳಿ. ಮೂರನೇದು ಲಕ್ಷಣವಾಗಿದೆ.”

ಭಾವ ಲ್ಯಾಪ್‌ಟಾಪ್ ಮುಚ್ಚಿದರು.

“ನನ್ನ ಐದು ವರ್ಷಕ್ಕೆ ನಮ್ಮ ಸೋದರತ್ತೆ ಮನೆಗೆ ದತ್ತು ಕೊಟ್ಟಿದ್ರಮ್ಮ. ಹೋಮ ಎಲ್ಲ ಆಗಿತ್ತು. ಮಾವನ ಗೋತ್ರ ಬಾಯಿಪಾಠ ಮಾಡಿಸಿದ್ರು. ಎರಡು ವರ್ಷಕ್ಕೆ ಅವರಿಗೇ ಮಗ ಹುಟ್ಟಿದ. ನನ್ನ ವಾಪಸ್ ತಂದು ಬಿಟ್ಟುಹೋದ್ರು. ಆಮೇಲೆ ಯಾರಾದ್ರೂ ಗೋತ್ರ ಯಾವ್ದೋ ಮರಿ ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತಲೇ ಗೊತ್ತಾಗ್ತಿರ್ಲಿಲ್ಲ.”

ಅಕ್ಕನಿಗೂ ಇದು ಗೊತ್ತಿರಲಿಲ್ಲ. ಅವಳು ಒಲೆ ಆರಿಸಿ ಬಂದು ಅವರ ಪಕ್ಕ ಕೂತಳು. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಆ ಶನಿವಾರ ದೇವಸ್ಥಾನಕ್ಕೆ ನಾನೇ ಕಾರು ತಂದೆ. ಭಾವ ಮೂರು ಹೆಸರು ಹೇಳಿದರು. ನಾಲ್ಕನೆಯದು ಹೇಳುವ ಬದಲು ಫೋನ್ ತೆಗೆದು ಆ ಫೋಟೋ ನೋಡುತ್ತ ನಿಂತರು. ಭಟ್ಟರು ಕಾಯುತ್ತಿದ್ದರು, ಹಿಂದೆ ಕ್ಯೂ ಕೆಮ್ಮುತ್ತಿತ್ತು. ನಾನು ನವಗ್ರಹಗಳನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೆ.

“ವನಜಾಕ್ಷಿ. ರೋಹಿಣಿ ನಕ್ಷತ್ರ. ಭಾರದ್ವಾಜ ಗೋತ್ರ,” ಎಂದೆ. “ಜೊತೆಗೆ ಎರಡು ಮಕ್ಕಳಿದಾವೆ ಭಟ್ರೇ. ಅವಕ್ಕಿನ್ನೂ ಹೆಸರಿಟ್ಟಿಲ್ಲ.”