ಜರ್ಮನಿಯ ಮನೆಯನ್ನು ವಿಚಾರಿಸಿದ್ದು

ಜೂನ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕಾಪುವಿನಿಂದ ಚೈತ್ರಕ್ಕನ ಫೋನ್ ಬಂತು.

"ನಿಶಾ, ನಂಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು ಮಾರಾಯ್ತಿ! ಆದ್ರೆ ಅಸಲಿಯಾ ನಕಲಿಯಾ ಅಂತ ನೀನು ಒಮ್ಮೆ ನೋಡ್ಬೇಕು."

"ಅದೆಂತ ದೊಡ್ಡ ವಿಷಯ? ನನಗೆ ಬಿಡು," ಎಂದೆ.

ಈ ಐದು ಪದಗಳನ್ನು ಹೇಳಿದಾಗ ನನಗೆ ಎಷ್ಟು ಧೈರ್ಯವಿತ್ತು ಎಂದರೆ, ಅವನ್ನು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಚೈತ್ರಕ್ಕ ನನ್ನ ದೊಡ್ಡಮ್ಮನ ಮಗಳು. ಅಂಬಲಪಾಡಿಯ ಒಂದು ಶಿಶುವಿಹಾರದಲ್ಲಿ ಟೀಚರ್. ಎರಡು ವರ್ಷದಿಂದ ಸಂಜೆ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ ಜರ್ಮನ್ ಕಲಿಯುತ್ತಿದ್ದಳು. ಸಿಕ್ಕ ಕೆಲಸದ ಹೆಸರು ಓ ಪೇರ್. ಅಲ್ಲಿನ ಒಂದು ಮನೆಯಲ್ಲಿ ಒಂದು ವರ್ಷ ಮನೆಯವರಂತೆಯೇ ಇದ್ದು ಮಕ್ಕಳನ್ನು ನೋಡಿಕೊಳ್ಳಬೇಕು. ಊಟ, ಕೋಣೆ, ಕೈಖರ್ಚು, ಭಾಷೆ ಕಲಿಯಲು ಸಮಯ, ಎಲ್ಲ ಅವರು ಕೊಡುತ್ತಾರೆ. ಆದರೆ ವೀಸಾಕ್ಕೆ ಅರ್ಜಿ ಹಾಕುವ ದಿನ ಇಪ್ಪತ್ತೇಳು ವರ್ಷ ತುಂಬಿರಬಾರದು. ಚೈತ್ರಕ್ಕನಿಗೆ ತುಂಬುವುದು ಆಗಸ್ಟ್ ಹನ್ನೊಂದಕ್ಕೆ. ವೀಸಾ ಕಚೇರಿ ಕೊಟ್ಟ ದಿನ ಜುಲೈ ಇಪ್ಪತ್ನಾಲ್ಕು. ನಡುವೆ ಹದಿನೆಂಟು ದಿನ. ಇದು ತಪ್ಪಿದರೆ ಇನ್ನೊಂದಿಲ್ಲ.

ನನ್ನನ್ನೇ ಕೇಳಿದ್ದು ಏಕೆಂದು ಹೇಳಬೇಕು. ನಮ್ಮಲ್ಲಿ ಹುಡುಗಿಗೆ ಸಂಬಂಧ ಬಂದರೆ ಜಾತಕಕ್ಕಿಂತ ಮೊದಲು ಮನೆ ವಿಚಾರಿಸುತ್ತಾರೆ. ಹುಡುಗನ ಓಣಿಯ ಅಂಗಡಿಯವರು, ಆಚೆಮನೆಯ ಅಜ್ಜಿ, ರಿಕ್ಷಾದವರು, ಎಲ್ಲರನ್ನೂ ಮೆಲ್ಲನೆ ಕೇಳಿ ಬರುವುದು ಕ್ರಮ. ನಮ್ಮ ಕುಟುಂಬದಲ್ಲಿ ಮೂರು ವರ್ಷದಿಂದ ಆ ಖಾತೆ ಕುಕ್ಕುಂದೂರಿನಲ್ಲಿರುವ ನನ್ನದು. ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವ ನನಗೆ ಯಾವುದನ್ನೂ ಪಟ್ಟಿ ಮಾಡದೆ ಬಿಡುವ ಅಭ್ಯಾಸವಿಲ್ಲ. ಒಟ್ಟು ವಿಚಾರಣೆ ಮೂರು, ಯಶಸ್ಸು ಮೂರು. ದುಬೈಯಲ್ಲಿ ಮ್ಯಾನೇಜರ್ ಎನ್ನಲಾದ ಒಬ್ಬ ಎಂಟು ತಿಂಗಳಿಂದ ಮನೆಯಲ್ಲೇ ಕ್ಯಾರಂ ಆಡುತ್ತಿದ್ದಾನೆಂದು ಕಂಡುಹಿಡಿದದ್ದು ನಾನೇ!

ಸರಿ, ಕುಳಿತೆ. ನಲವತ್ತು ನಿಮಿಷದಲ್ಲಿ ಐದು ವಿಷಯ ನೋಡಿದೆ. ಅವರು ಯಾವ ಹೆಸರಿನಲ್ಲೂ ಹಣ ಕೇಳಿಲ್ಲ. ವಿಳಾಸ ನಕ್ಷೆಯಲ್ಲಿ ಉಂಟು. ಸಹಿ ಮಾಡಿದ ಒಪ್ಪಂದಪತ್ರ ಉಂಟು. ಆ ಮನೆಯ ಅಮ್ಮ, ಆನಾ ಎಂಬವರು, ಮಕ್ಕಳನ್ನು ಕೂರಿಸಿಕೊಂಡು ಮೂರು ಸಲ ವಿಡಿಯೋದಲ್ಲಿ ಮಾತಾಡಿದ್ದಾರೆ. ವೀಸಾ ಯಾವ ಏಜೆಂಟನ ಮೂಲಕವೂ ಅಲ್ಲ, ನೇರ ಕಚೇರಿಯಲ್ಲಿ. ಬುದ್ಧಿ ಇದ್ದವರು ಇಲ್ಲಿಗೆ "ಅಸಲಿ" ಎಂದು ಬರೆದು ಪುಸ್ತಕ ಮುಚ್ಚುತ್ತಿದ್ದರು.

ನಾನೂ "ಅಸಲಿ" ಎಂದು ಬರೆದೆ. ಪುಸ್ತಕ ಮಾತ್ರ ಮುಚ್ಚಲಿಲ್ಲ. ಪಟ್ಟಿಯಲ್ಲಿ "ಜನ ಹೇಗೆ?" ಎಂಬ ಸಾಲು ಖಾಲಿ ಇತ್ತು.

ಜೂನ್ ಇಪ್ಪತ್ತೆರಡು, ಭಾನುವಾರ, ಮಧ್ಯಾಹ್ನ ಒಂದೂವರೆ. ಕಾಪುವಿನ ಮನೆಯಲ್ಲಿ ವಿಡಿಯೋ ಕರೆ. ನಾನು ಯೋಜಿಸಿದ್ದು ನಾಲ್ಕು ಜನ. ಬಂದದ್ದು ಹನ್ನೊಂದು! ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆದ್ದರಿಂದ ದೊಡ್ಡಪ್ಪನೂ ಅವರ ಬೋಟಿನ ಸಂಗಡಿಗರೂ ಪುರುಸೊತ್ತಿನಲ್ಲಿದ್ದರು. ಆ ಕಡೆ ಆನಾ ಫೋನ್ ತೆರೆದು ಒಮ್ಮೆ ಬೆಚ್ಚಿಬಿದ್ದು, ಆಮೇಲೆ ನಕ್ಕು ಕೈ ಬೀಸಿದರು.

"ಜಾಗ ಎಷ್ಟು ಸೆಂಟ್ಸ್ ಉಂಟು, ಕೇಳು," ಎಂದರು ದೊಡ್ಡಪ್ಪ.

ಚೈತ್ರಕ್ಕ ಜರ್ಮನ್‌ನಲ್ಲಿ ಏನೋ ಹೇಳಿದಳು. ಆನಾ ಸಂತೋಷದಿಂದ ಹೂವಿನ ಗಿಡಗಳನ್ನು ತೋರಿಸಿದರು.

"ನೀನೆಂತ ಕೇಳಿದ್ದು?" ಎಂದೆ ಮೆಲ್ಲಗೆ.

"ನಿಮ್ಮ ತೋಟ ಚಂದ ಉಂಟು ಅಂತ ಅಪ್ಪ ಹೇಳ್ತಾರೆ, ಅಂದೆ. ಸುಮ್ನಿರು."

"ಗಂಡ ಎಲ್ಲಿ? ಕಾಣುದೇ ಇಲ್ಲ ಅಲ್ವಾ?" ಎಂದರು ದೊಡ್ಡಮ್ಮ.

ಗಂಡ ಆಚೆ ಕೋಣೆಯಲ್ಲಿ ಕೆಲಸದಲ್ಲಿದ್ದರಂತೆ. ನಾನು "ಗಂಡ ಕಾಣಲಿಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಷ್ಟರಲ್ಲಿ ಆನಾರ ಐದು ವರ್ಷದ ಮಗಳು ಲೀನಾ ತಾನೇ ಬಿಡಿಸಿದ ಒಂದು ಚಿತ್ರ ಎತ್ತಿ ಹಿಡಿದಳು. ಚೈತ್ರಕ್ಕನಿಗೆಂದು ಅಣಿಮಾಡಿದ ಕೋಣೆ. ಚೈತ್ರಾ ಕಡಲಿನ ಪಕ್ಕದವಳೆಂದು ಗೋಡೆಯ ತುಂಬ ನೀಲಿ ಮೀನು. ಚೈತ್ರಕ್ಕ ತುಂಬ ಹೊತ್ತು ಅದನ್ನೇ ನೋಡಿದಳು. ನಾನು ಗೆರೆ ಎಳೆಯುತ್ತಿದ್ದೆ!

ಗಂಡ ಕಾಣದ ಮೇಲೆ ಸ್ಥಳ ಪರಿಶೀಲನೆ ಅನಿವಾರ್ಯವಾಯಿತು. ನಮ್ಮ ಪರಿಚಯದ ಹೆಬ್ರಿಯ ಪ್ರಮೀಳಕ್ಕ ಜರ್ಮನಿಯಲ್ಲಿ ನರ್ಸ್. ಆ ಊರಿಗೆ ಅವರಲ್ಲಿಂದ ರೈಲಿನಲ್ಲಿ ಎರಡು ಗಂಟೆ. ಚೈತ್ರಕ್ಕನಿಗೆ ತಿಳಿಸದೆ ಅವರಿಗೆ ಮೂವತ್ತೊಂದು ಪ್ರಶ್ನೆ ಕಳಿಸಿದೆ.

"ಇಲ್ಲಿ ಹಾಗೆಲ್ಲ ಕೇಳುವ ಕ್ರಮ ಇಲ್ಲ ಮಾರಾಯ್ತಿ," ಎಂದರು ಅವರು.

"ನಿಮ್ಮ ತಂಗಿ ಬರುದಾದ್ರೆ ನೀವು ಕೇಳ್ತಿರಲಿಲ್ವಾ?"

"ಆಯ್ತು, ಶುಕ್ರವಾರ ನಂಗೆ ರಜೆ ಉಂಟು," ಎಂದರು. ಹೆಬ್ರಿಯ ಹೆಂಗಸಿನ ಮನಸ್ಸು ಎಲ್ಲಿ ಮುಟ್ಟಿದರೆ ಕರಗುತ್ತದೆಂದು ಗೊತ್ತಿದ್ದ ನನ್ನ ಜಾಣತನಕ್ಕೆ ಆ ದಿನ ನಾನೇ ಬೆನ್ನು ತಟ್ಟಿಕೊಂಡೆ.

ಜುಲೈ ನಾಲ್ಕರಂದು ಪ್ರಮೀಳಕ್ಕ ಹೋದರು. ಬ್ರೆಡ್ಡಿನ ಅಂಗಡಿಯಲ್ಲಿ ಕೇಳಿದರು. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರು. ನಾನು ಹೇಳಿದಂತೆ ಮನೆಯ ಫೋಟೋವನ್ನು ನಾಲ್ಕು ದಿಕ್ಕಿನಿಂದ ತೆಗೆದರು. ಕೊನೆಗೆ ಮಕ್ಕಳ ಶಿಶುವಿಹಾರದ ಗೇಟಿನಲ್ಲಿ ನಿಂತು, ಮಕ್ಕಳು ಹಟಮಾರಿಗಳಾ, ಅಪ್ಪ ಅಮ್ಮ ಹೊಡೆಯುತ್ತಾರಾ ಎಂದು ಟೀಚರನ್ನು ಕೇಳಿದರು. "ನಾವು ಚೈತ್ರಾಳ ಕಡೆಯವರು," ಎಂದು ಮರ್ಯಾದೆಯಿಂದ ಪರಿಚಯವನ್ನೂ ಹೇಳಿಕೊಂಡರು.

ವರದಿ ಅದ್ಭುತವಾಗಿತ್ತು. ಮೂವತ್ತೊಂದರಲ್ಲಿ ಮೂವತ್ತಕ್ಕೆ ಉತ್ತರ. ಗಂಡನೂ ಕಂಡಿದ್ದ, ಗಿಡಗಳಿಗೆ ನೀರು ಹಾಕುತ್ತಿದ್ದನಂತೆ. ಶುದ್ಧಪ್ರತಿ ಮಾಡಿ, ಕೆಲಸ ಮುಗಿಸಿ, ಸೋಮವಾರ ಸಂಜೆ ಮಣಿಪಾಲದಿಂದ ಮಿಠಾಯಿ ಪೊಟ್ಟಣದೊಂದಿಗೆ ಕಾಪುವಿಗೆ ಹೋದೆ.

"ಅಕ್ಕಾ, ನೂರಕ್ಕೆ ನೂರು ಅಸಲಿ!" ಎಂದು ಅಂಗಳದಿಂದಲೇ ಕೂಗಿದೆ.

ಚೈತ್ರಕ್ಕ ಚಾವಡಿಯಲ್ಲಿ ಕುಳಿತಿದ್ದಳು. ಫೋನನ್ನು ನನ್ನ ಕೈಗೆ ಕೊಟ್ಟಳು. ಆನಾರ ಪತ್ರ. ಅಪರಿಚಿತರೊಬ್ಬರು ನಿಮ್ಮ ಹೆಸರು ಹೇಳಿ ನಮ್ಮ ಮನೆಯ ಫೋಟೋ ತೆಗೆದಿದ್ದಾರೆ, ನಮ್ಮ ಮಕ್ಕಳ ಬಗ್ಗೆ ಶಾಲೆಯಲ್ಲಿ ವಿಚಾರಿಸಿದ್ದಾರೆ. ಶಾಲೆಯವರು ಪೊಲೀಸರಿಗೆ ತಿಳಿಸಿದ್ದಾರೆ. ನೀವು ನಮಗೆ ತುಂಬ ಇಷ್ಟವಾಗಿದ್ದಿರಿ. ಆದರೆ ಇನ್ನು ಸಾಧ್ಯವಿಲ್ಲ. ಕ್ಷಮಿಸಿ.

ದೊಡ್ಡಪ್ಪ ಪೂರ್ತಿ ಕೇಳಿ ತಲೆಯಾಡಿಸಿದರು. "ಪೊಲೀಸಿಗೆ ಹೇಳಿದ್ರಾ? ಹಾಗಾದ್ರೆ ಒಳ್ಳೆ ಮನೆಯೇ."

ಯಾರೂ ನಗಲಿಲ್ಲ. ದೊಡ್ಡಮ್ಮ ಮಿಠಾಯಿ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದು ಒಳಗಿಟ್ಟರು.

"ನೀನು ಇನ್ನು ಎಂತದೂ ಬರೀಬೇಡ ನಿಶಾ. ನಾನೇ ಮಾತಾಡಿ ನೋಡ್ತೇನೆ," ಎಂದಳು ಚೈತ್ರಕ್ಕ.

ಬರೆಯಬೇಡ ಎಂದರೆ ನನ್ನಿಂದಾಗುತ್ತದೆಯೇ! ಮರುದಿನವೇ ನಾಲ್ಕು ಪುಟದ ಕ್ಷಮಾಪಣೆ ಬರೆದು ಆನಾರಿಗೆ ಕಳಿಸಿದೆ. ನಮ್ಮಲ್ಲಿ ವಿಚಾರಿಸುವುದೇ ಗೌರವ, ವಿಚಾರಿಸದೆ ಕಳಿಸಿದರೆ ಹುಡುಗಿಗೆ ಬೆಲೆಯಿಲ್ಲದ ಹಾಗೆ, ಎಂದು ವಿವರಿಸಿದೆ. ನನ್ನ ಶುದ್ಧ ಮನಸ್ಸಿಗೆ ಸಾಕ್ಷಿಯಾಗಿ ಮೂವತ್ತೊಂದು ಪ್ರಶ್ನೆಗಳನ್ನೂ ಅನುವಾದಿಸಿ ಲಗತ್ತಿಸಿದೆ. ಅದರಲ್ಲಿ ಹದಿನಾಲ್ಕನೆಯದು, "ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ?" ಹದಿನೈದನೆಯದು, "ಮಕ್ಕಳನ್ನು ಶಾಲೆಗೆ ಬಿಡುವುದು ಯಾರು, ಎಷ್ಟು ಗಂಟೆಗೆ?"

ಈ ಸಲ ಗಂಡನೇ ಉತ್ತರಿಸಿದ. ಒಂದೇ ಸಾಲು. ದಯವಿಟ್ಟು ನಮ್ಮನ್ನು ಇನ್ನು ಸಂಪರ್ಕಿಸಬೇಡಿ.

ಆನಾ ಚೈತ್ರಕ್ಕನೊಡನೆ ಬುಧವಾರ ಮಾತಾಡಲು ಒಪ್ಪಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಆ ಕರೆ ಬರಲಿಲ್ಲ.

ಆಮೇಲೆ ಚೈತ್ರಕ್ಕ ಹದಿನೇಳು ಮನೆಗಳಿಗೆ ಬರೆದಳು. ಐದು ಉತ್ತರ ಬಂತು. ಐದೂ "ಇಲ್ಲ". ಜುಲೈ ಇಪ್ಪತ್ನಾಲ್ಕರಂದು ವೀಸಾ ಕಚೇರಿಗೆ ಹೋಗಬೇಕಿದ್ದ ಹೊತ್ತಿಗೆ ಅವಳು ಅಂಬಲಪಾಡಿಯಲ್ಲಿ ಮಕ್ಕಳಿಗೆ ಬಣ್ಣದ ಹೆಸರು ಹೇಳಿಕೊಡುತ್ತಿದ್ದಳು.

ಆಗಸ್ಟ್ ಹನ್ನೊಂದು, ಸೋಮವಾರ. ದೊಡ್ಡಮ್ಮ ಪಾಯಸ ಮಾಡಿದ್ದರು. ಸಂಜೆ ನಾನು ಹೋದಾಗ ಚೈತ್ರಕ್ಕ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಅಕ್ಕಾ, ಒಮ್ಮೆ ಸರಿಯಾಗಿ ಬೈದು ಬಿಡು."

"ಬೈದ್ರೆ ನೀನು ಅದನ್ನೂ ತಾರೀಕು ಹಾಕಿ ಬರೀತಿ," ಎಂದಳು. ತುಸು ನಕ್ಕಳು ಕೂಡ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ಮಾಡಿದ್ದು ಸರಿ ಉಂಟು ನಿಶಾ. ನಮ್ಮ ಶಾಲೆಯ ಗೇಟಿಗೆ ಯಾರೋ ಬಂದು ಒಂದು ಮಗುವಿನ ಬಗ್ಗೆ ಹಾಗೆ ಕೇಳಿದ್ರೆ, ಮೊದಲು ಪೊಲೀಸರಿಗೆ ಫೋನ್ ಮಾಡುದು ನಾನೇ," ಎಂದಳು.

ನನ್ನ ವಿಚಾರಣೆಯ ಲೆಕ್ಕ ಈಗ ಹೀಗಿದೆ: ಒಟ್ಟು ನಾಲ್ಕು, ಯಶಸ್ಸು ನಾಲ್ಕು. ಕೆಲಸ ಅಸಲಿಯೇ ಆಗಿತ್ತು, ಜನ ಚಿನ್ನದಂಥವರು, ನನ್ನ ತೀರ್ಮಾನದಲ್ಲಿ ಒಂದಕ್ಷರ ತಪ್ಪಿಲ್ಲ. ಹೋಗಬೇಕಾದವಳು ಕಾಪುವಿನಲ್ಲಿದ್ದಾಳೆ, ಅಷ್ಟೆ.

ಇಪ್ಪತ್ತೇಳು ತುಂಬಿದ, ಜರ್ಮನ್ ಬರುವ, ಮಕ್ಕಳೆಂದರೆ ಜೀವ ಬಿಡುವ ಹುಡುಗಿಗೆ ಅಲ್ಲಿಗೆ ಹೋಗಲು ಬೇರೆ ಯಾವುದಾದರೂ ದಾರಿ ಇದ್ದರೆ, ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಲಕೋಟೆಯ ಮೇಲೆ ಚೈತ್ರಕ್ಕನ ಹೆಸರೇ ಇರಲಿ. ನನ್ನ ಹೆಸರಿಗೆ ಕಳಿಸಬೇಡಿ. ಕಳಿಸಿದರೆ ನಾನು ಓದುತ್ತೇನೆ. ಓದಿದರೆ, ಸಹಾಯ ಮಾಡುತ್ತೇನೆ!