ಸ್ವಾಮಿಗಳ ಚಪ್ಪಲಿಯಲ್ಲಿ ವಜ್ರ

ಹೋಟೆಲ್ ಇಟ್ಟವನು ಗಾಳಿಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆಗೆಯುವ ಮೊದಲೇ ಗಿರಾಕಿಗಳು ಹೊತ್ತು ತಂದಿರುತ್ತಾರೆ. ಅರವತ್ತರ ದಶಕದಲ್ಲಿ ಅಹಮದಾಬಾದಿನ ಸ್ಟೇಷನ್ ಹತ್ತಿರ ನಾನೂ ನನ್ನ ಹೆಂಡತಿಯೂ ಇಡ್ಲಿ-ದೋಸೆಯ ಸಣ್ಣ ಹೋಟೆಲ್ ನಡೆಸುತ್ತಿದ್ದೆವು. ಆಗ ಎಲ್ಲೆಲ್ಲೂ, ಗುಜರಾತಿನ ಊರೂರು ಸುತ್ತುತ್ತಿದ್ದ ಒಬ್ಬ ಸ್ವಾಮಿಗಳ ಸತ್ಸಂಗದ್ದೇ ಮಾತು. ಸತ್ಸಂಗಕ್ಕೆ ಹೋದವರಿಗಿಂತ ಹೋಗದವರಿಗೇ ಅವರ ವಿಷಯ ಹೆಚ್ಚು ಗೊತ್ತಿತ್ತು.

ಹಾಲಿನ ಸ್ನಾನ

ಮೊದಲು ಬಂದ ಸುದ್ದಿ, ಸ್ವಾಮಿಗಳು ದಿನಾ ಹಾಲಿನಲ್ಲೇ ಸ್ನಾನ ಮಾಡುತ್ತಾರೆ ಅಂತ. ನಮ್ಮ ಹಾಲಿನವನ ಕ್ಯಾನುಗಳು ಅವರು ಇಳಿದುಕೊಂಡಿದ್ದ ಆಶ್ರಮದೊಳಗೆ ಹೋಗುವುದನ್ನು ಬಟ್ಟೆ ಮಿಲ್ಲಿನ ಗುಮಾಸ್ತರೊಬ್ಬರು ಕಣ್ಣಾರೆ ಕಂಡಿದ್ದರು. ಎರಡೇ ದಿನದಲ್ಲಿ ಸುದ್ದಿಗೆ ಬಾಲ ಬೆಳೆಯಿತು: ಸ್ನಾನವಾದ ಹಾಲು ಹೋಟೆಲುಗಳಿಗೆ ಹೋಗುತ್ತದಂತೆ. ನಮ್ಮಲ್ಲಿ ಕಾಫಿ ಕೇಳುವವರೇ ಇಲ್ಲವಾದರು.

ಗಾಬರಿಯಾಗಿ ಹಾಲಿನವನನ್ನು ವಿಚಾರಿಸಿದೆ. ಆಶ್ರಮದ ನಲ್ಲಿ ಕೆಟ್ಟಿದೆ, ನೀರು ತುಂಬಿಸಿಡಲು ಖಾಲಿ ಕ್ಯಾನು ಕೊಟ್ಟಿದ್ದೇನೆ ಅಷ್ಟೇ ಎಂದ. ಇದನ್ನೇ ಗಿರಾಕಿಗಳ ಎದುರು ಹೇಳು ಎಂದು ಕರೆತಂದೆ. ಅವನೂ ನಿಂತು ಹೇಳಿದ, "ಸ್ವಾಮಿಗಳು ನೀರಲ್ಲೇ ಸ್ನಾನ ಮಾಡುವುದು. ನನ್ನ ಹಾಲಲ್ಲಿ ಮಾಡಿದ್ದರೂ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ."

ಕಾಫಿ ವ್ಯಾಪಾರ ಮತ್ತೆ ಶುರುವಾಗಲು ಇನ್ನೂ ಒಂದು ವಾರ ಹಿಡಿಯಿತು.

ಬೆಳ್ಳಿ ಸಿಂಹಾಸನ

ಬರೋಡಾದಲ್ಲಿದ್ದ ನನ್ನ ಭಾವನಿಗೆ ಯಾವುದನ್ನೂ ಪರೀಕ್ಷೆ ಮಾಡದೆ ನಂಬುವ ಅಭ್ಯಾಸವಿಲ್ಲ. ಅಲ್ಲಿ ಸ್ವಾಮಿಗಳು ಬೆಳ್ಳಿ ಸಿಂಹಾಸನದ ಮೇಲೆ ಕೂರುತ್ತಾರೆಂದು ಸುದ್ದಿಯಾದಾಗ, ಭಜನೆಯ ನಡುವೆ ಹಿಂದಿನಿಂದ ಹೋಗಿ ಉಗುರಿನಿಂದ ಕೆರೆದು ನೋಡಿಯೇಬಿಟ್ಟರು. ಮರದ ಕುರ್ಚಿ. ಭಕ್ತರು ಬೀಡಾ ಅಂಗಡಿಗಳಿಂದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಆರಿಸಿ ತಂದು ಅಂಟಿಸಿದ್ದರು. ಸ್ವಾಮಿಗಳ ಮೇಲಿನ ಅಪವಾದ ಕಳೆಯಿತೆಂದು ಭಾವ ಬೀದಿಗೆಲ್ಲ ಸತ್ಯ ಸಾರಿದರು.

ಮರುವಾರ ಬರೋಡಾದ ತುಂಬ ಹೊಸ ಸುದ್ದಿ: ಸ್ವಾಮಿಗಳು ದಿನಕ್ಕೆ ಎಷ್ಟು ಸಿಗರೇಟು ಸೇದುತ್ತಾರೆ ಗೊತ್ತೇ?

ವಜ್ರ

ಸೂರತ್ತಿನಲ್ಲಿ ಸುದ್ದಿಯೂ ಊರಿಗೆ ತಕ್ಕಂತೆಯೇ ಇತ್ತು. ಸ್ವಾಮಿಗಳ ಚಪ್ಪಲಿಯಲ್ಲಿ ವಜ್ರ ಕೂರಿಸಿದೆಯಂತೆ. ನೆಂಟರ ಮದುವೆಗೆ ಅಲ್ಲಿಗೆ ಹೋಗಿದ್ದ ನಾವು ದರ್ಶನದ ಸಾಲಿನಲ್ಲಿ ನಿಂತೆವು. ಭಕ್ತಿ ನನ್ನದು, ವಜ್ರ ನೋಡುವ ಆಸೆ ಹೆಂಡತಿಯದು. ಅವಳು ಕಾಲಿಗೆ ಬಗ್ಗಿದವಳು ಅಲ್ಲಿಂದಲೇ, ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ, ಗಟ್ಟಿಯಾಗಿಯೇ ಹೇಳಿದಳು: "ಹೌದು ಮಾರಾಯ್ರೆ, ವಜ್ರವೇ. ಎಡಗಾಲಿದ್ದು ನೋಡಿ."

ಮೇಲಿನಿಂದ ಮೆಲ್ಲಗೆ ಒಂದು ದನಿ ಬಂತು. "ವಜ್ರ ಅಲ್ಲ ತಂಗಿ, ಮೊಳೆ. ನಿನ್ನೆಯಿಂದ ಚುಚ್ಚುತ್ತಾ ಉಂಟು."

ಹಿಮಾಲಯದಿಂದ ಇಳಿದು ಬಂದವರೆಂದು ಊರೆಲ್ಲ ನಂಬಿದ್ದ ಸ್ವಾಮಿಗಳ ಬಾಯಲ್ಲಿ ನಮ್ಮ ಕರಾವಳಿಯ ಕನ್ನಡ. ಹೆಂಡತಿ ತಲೆ ಎತ್ತಲಿಲ್ಲ. ಸ್ವಾಮಿಗಳು ನಗುತ್ತಾ ಅವಳ ತಲೆ ಮುಟ್ಟಿ, ಕೈಗೊಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಹಿಂದೆ ನಿಂತಿದ್ದ ಗುಜರಾತಿ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು. ಹೊರಗೆ ಬಂದವರೇ ಹೆಂಡತಿಯ ಕೈ ಹಿಡಿದು, ನಿನಗೆ ಕಿವಿಯಲ್ಲಿ ಯಾವ ಮಂತ್ರ ಕೊಟ್ಟರು, ನನಗೂ ಹೇಳು ಎಂದು ಬೇಡಿಕೊಂಡರು. ನಾಚಿ ನೀರಾಗಿದ್ದ ಅವಳಿಗೆ ಸುಳ್ಳು ಹೊಳೆಯಲಿಲ್ಲ; ಕೇಳಿದ್ದರ ಕೊನೆಯ ಎರಡು ಪದ ಹೇಳಿಬಿಟ್ಟಳು.

ಅಜ್ಜಿ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಜಪಮಾಲೆ ತೆಗೆದು, ಒಂದೊಂದೇ ಮಣಿ ಎಣಿಸುತ್ತಾ ಬೀದಿಯುದ್ದಕ್ಕೂ ನಡೆದರು: "ಚುಚ್ಚುತ್ತಾ ಉಂಟು... ಚುಚ್ಚುತ್ತಾ ಉಂಟು..."