ಅರ್ಧ ಕಟ್ಟು ಮೆಂತೆಯ ಬ್ಯಾಕಪ್ಪು

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು, ಸುಧಾರಿಸಿದರೆ ಆಗುವ ಫಜೀತಿಗೆ ಮಾತ್ರ ಮದ್ದಿಲ್ಲ. ನನ್ನ ನೌಕರಿಯಲ್ಲಿ ಇಂಥದ್ದು ತಿಂಗಳಿಗೊಂದಾದರೂ ಆಗದಿದ್ದರೆ ಈಗೀಗ ನನಗೇ ಬೇಜಾರು.

ನಮ್ಮದು ಜನರ ಹಳೆಯ ಹೊಲ-ಮನೆ ಕಾಗದಪತ್ರ ಸ್ಕ್ಯಾನ್ ಮಾಡಿ ಜೋಪಾನವಾಗಿಡುವ ಖಾಸಗಿ ಕಚೇರಿ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಶಾಖೆಗಳು. ಮೂರಕ್ಕೂ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ದಿನಾ ಮಧ್ಯಾಹ್ನ ಎಲ್ಲವನ್ನೂ ಟೇಪಿಗೆ ನಕಲು ಮಾಡಿ ಬೀರುವಿನಲ್ಲಿಡಬೇಕು. ಈ ಬ್ಯಾಕಪ್ಪಿಗೆ ಮೂರು ತಾಸು ಹಿಡಿಯುತ್ತಿತ್ತು. ಹಳೆಯ ಸಾಫ್ಟ್‌ವೇರು ಒಂದೊಂದೇ ಕಾಗದ ಹುಡುಕಿ ಕೊಡುವುದು. ಮುಂದಿನದು ಬರುವತನಕ ಟೇಪು ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಓಡುವುದು. ಕೈ ಮಾಡಿದವರಿಗೆಲ್ಲ ನಿಲ್ಲುವ ಬಸ್ಸಿನ ಹಾಗೆ. ಹೊಸ ಸಾಫ್ಟ್‌ವೇರು ಎಲ್ಲರನ್ನೂ ಸ್ಟ್ಯಾಂಡಿನಲ್ಲೇ ಹತ್ತಿಸಿಕೊಂಡು ಹೊರಡುವಂಥದ್ದು. ಅದನ್ನು ಹಾಕೋಣ ಎಂದು ಮಾಲಕರ ಬೆನ್ನು ಹತ್ತಿದೆ.

"ಹಾಕ್ರಿ," ಅಂದರು ಮಾಲಕರು. "ಎಳ್ಳಮಾಸಿಯೊಳಗ ಮೂರೂ ಕಡೆ ತಾಸಿನಾಗ ಮುಗೀತಂದ್ರ ಹಬ್ಬಕ್ಕ ರಜಾ. ಒಂದ್ ಕಾಗದ ಕಳೀತಂದ್ರ ರಜಾನೂ ಇಲ್ಲ, ನೌಕರಿನೂ ಇಲ್ಲ."

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ಕಡುಬು ಉಣ್ಣದವನು ನಮ್ಮ ಸೀಮೆಯವನೇ ಅಲ್ಲ. ಆ ದಿನ ಮಾಲಕರು ಎಂದೂ ರಜೆ ಕೊಟ್ಟವರಲ್ಲ. ಹಿಂದಿನ ಮೂರು ವರ್ಷ ಖಜೂರಿಯ ನಮ್ಮ ಹೊಲಕ್ಕೆ ನಾನು ಹೇಗೆ ಹೋಗಿದ್ದೆ ಎಂಬುದು ಬೇರೆ ಮಾತು. ಒಪ್ಪಿಕೊಂಡೆ.

೧. ಆಳಂದದ ಆವಾಜು

ಆಳಂದದಲ್ಲಿ ಟೇಪು ಹಾಕಿ ತೆಗೆಯುವವರು ನಾವೆಲ್ಲ ಚಾಚಾ ಎನ್ನುವ ಹಿರಿಯರು. ಹೊಸ ಸಾಫ್ಟ್‌ವೇರು ಹಾಕಿದ ಮೂರು ದಿನವೂ ಬ್ಯಾಕಪ್ಪು ಅರ್ಧಕ್ಕೇ ನಿಂತಿತು. ಓಡಿ ಹೋಗಿ ನೋಡಿದರೆ ನಿಲ್ಲಿಸುತ್ತಿದ್ದವರು ಚಾಚಾನೇ.

"ಯಾಕ್ ಚಾಚಾ?"

"ಅರೆ, ಮೊದ್ಲ ಕರ್ರ್ ಕರ್ರ್ ಅಂತಿತ್ತು. ಈಗ ಆವಾಜೇ ಇಲ್ಲ. ಆವಾಜಿಲ್ಲಂದ್ರ ಕೆಲಸ ಹ್ಯಾಂಗ್ ನಡೀತದ? ಮಷಿನ್ ಮಲಗ್ಯದಂತ ಬಂದ್ ಮಾಡ್ದೆ."

ಟೇಪು ನಿಲ್ಲದೆ ಓಡಿದರೆ ಸದ್ದು ಕಡಿಮೆ ಎಂದು ಅರ್ಧ ತಾಸು ಬೋಧಿಸಿದೆ. ತಲೆ ಅಲ್ಲಾಡಿಸಿದರು, ನಂಬಲಿಲ್ಲ. ನನಗೂ ಹಟ ಬಂತು. ಜೇವರ್ಗಿಯಲ್ಲಿ ಇನ್ನೂ ಹಳೆಯ ಸಾಫ್ಟ್‌ವೇರೇ ಇತ್ತು. ಅಲ್ಲಿಯ ಕರ್ರ್ ಕರ್ರ್ ಸದ್ದನ್ನು ಫೋನಿನಲ್ಲಿ ಹಿಡಿದು ತಂದು, ಫೋನನ್ನು ಆಳಂದದ ಯಂತ್ರದ ಹಿಂದೆ ಬಚ್ಚಿಟ್ಟು ಅದನ್ನು ಕೇಳಿಸಿದೆ. ಚಾಚಾನ ಮುಖ ಅರಳಿತು. "ಹಾಂ, ಈಗ ನೋಡ್ರಿ ಹ್ಯಾಂಗ್ ದುಡಿಯಾಕತ್ತದ!"

ನಲವತ್ತು ನಿಮಿಷಕ್ಕೆ ಬ್ಯಾಕಪ್ಪು ಮುಗಿಯಿತು. ಫೋನು ಮುಗಿಸಲಿಲ್ಲ. "ಇನ್ನೂ ನಡ್ದದಲ್ರೀ" ಎಂದು ಚಾಚಾ ನನಗೆ ಟೇಪು ಮುಟ್ಟಲು ಬಿಡಲಿಲ್ಲ. ಬ್ಯಾಟರಿ ಸಾಯುವತನಕ ಇಬ್ಬರೂ ಕಾಯುತ್ತ ಕೂತೆವು.

೨. ಅಫಜಲಪುರದ ಅಳತೆ

ಬ್ಯಾಕಪ್ಪು ನಡೆಯುವಾಗ ಕಂಪ್ಯೂಟರ್ ಮುಟ್ಟಬಾರದು ಎಂದು ಹಿಂದೆ ನಾನೇ ಹೇಳಿದ್ದೆ. ಅಫಜಲಪುರದ ಶಾಖೆ ನೋಡಿಕೊಳ್ಳುವ ಅಕ್ಕೋರು ಅದನ್ನು ಶ್ರದ್ಧೆಯಿಂದ ಪಾಲಿಸಿ, ಆ ಮೂರು ತಾಸು ಮನೆಗೆ ಬೇಕಾದ ಸೊಪ್ಪು ಸೋಸಿಕೊಳ್ಳುತ್ತಿದ್ದರು. ಹೊಸ ಸಾಫ್ಟ್‌ವೇರು ಹಾಕಿದ ಮರುದಿನವೇ ಫೋನು ಬಂತು.

"ಸರ, ಇದೇನ್ ಮಾಡಿಟ್ರಿ? ಮೊದ್ಲ ನಾಕ್ ಕಟ್ಟು ಮೆಂತೆ ಸೋಸಿ, ಬಳ್ಳೊಳ್ಳಿ ಸುಲಿದ್ರೂ ಇನ್ನೂ ನಡದೇ ಇರ್ತಿತ್ತು. ನಿನ್ನೆ ಅರ್ಧ ಕಟ್ಟಿಗೇ ಮುಗೀತ್ರಿ! ಜನ ಬಂದು ಕೆಲಸಾ ಕೇಳಾಕತ್ತಾರ. ಇದಕ್ಕ ಸ್ವಲ್ಪ ಹಳೇ ಬುದ್ಧಿ ಕೊಡಾಕ ಬರ್ತದೇನ್ರಿ?"

ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಎಲ್ಲಿ ಸಿಗಬೇಕು? ಖುಷಿಯಲ್ಲಿ ಮಾಲಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಛಲೋ ಆತು. ಆಳಂದದಾಗ ಎಷ್ಟು ಕಟ್ಟು?" ಎಂದರು.

೩. ಜೇವರ್ಗಿಯ ದಾಖಲೆ

ಜೇವರ್ಗಿಗೂ ಹೊಸದು ಬಂದ ಮೇಲೆ ಮಾಲಕರು, ಯಾವ ಊರಿನದು ಮೊದಲು ಮುಗಿಯುತ್ತದೋ ಅವರಿಗೆ ಕಚೇರಿಯ ಮೊಬೈಲ್ ಗುಂಪಿನಲ್ಲಿ ಶಾಬಾಸ್ ಹೇಳತೊಡಗಿದರು. ಜೇವರ್ಗಿಯ ಮ್ಯಾನೇಜರು ದಿನಾ ಹತ್ತೇ ನಿಮಿಷಕ್ಕೆ 'ಮುಗೀತು' ಎಂದು ಹಾಕುತ್ತಿದ್ದರು. ಹತ್ತು ನಿಮಿಷ ಹೇಗೆ ಎಂದು ನನಗೆ ಅನುಮಾನವಿತ್ತು. ಆದರೆ ಹೊಗಳಿಕೆಯಲ್ಲಿ ನನಗೂ ಪಾಲು ಸಿಗುತ್ತಿತ್ತು, ಸುಮ್ಮನಿದ್ದೆ.

ಎಳ್ಳಮಾವಾಸ್ಯೆಗೆ ಎರಡು ದಿನ ಇರುವಾಗ ಜೇವರ್ಗಿಯ ಡಿಸ್ಕು ಕೈಕೊಟ್ಟಿತು. ಯಡ್ರಾಮಿ ಕಡೆಯ ರಾಶಿ ಕಾಗದ ಅದರಲ್ಲಿದ್ದವು, ಮೂಲಪ್ರತಿಗಳನ್ನು ಜನರಿಗೆ ವಾಪಸು ಕೊಟ್ಟಾಗಿತ್ತು. ಮಾಲಕರು ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಟೇಪು ಹಾಕಿದೆ. ಹೊರಬಂದದ್ದು ಒಂದೇ ಫೋಲ್ಡರು, ಅದರಲ್ಲಿ ಮೂರೇ ಮೂರು ಚೀಟಿ. ನೌಕರಿ ಹೋಯಿತು ಎಂದುಕೊಂಡೆ.

ಮ್ಯಾನೇಜರು ನಿಧಾನವಾಗಿ ಬೀರು ತೆಗೆದು ಇನ್ನೊಂದು ಟೇಪು ಕೊಟ್ಟರು. "ಗಾಬರಿ ಆಗಬ್ಯಾಡ್ರಿ. ಮೊದ್ಲ ಎಲ್ಲಾಕಿಂತ ಸಣ್ಣ ಫೋಲ್ಡರ್ ಹಾಕಿ ಮೆಸೇಜ್ ಬಿಡ್ತೇನಿ. ಆಮ್ಯಾಗ ಪೂರ್ತಿದು ತಗೀತೇನಿ. ಅದು ಶಾಬಾಸಕಿಗೆ, ಇದು ಕಂಪನಿಗೆ."

ಹೋದ ಜೀವ ಬಂತು. ಎರಡನೆಯ ಟೇಪಿನಿಂದ ಒಂದೊಂದೇ ಕಾಗದ ಬರತೊಡಗಿತು. ಎಲ್ಲ ಬರಲು ಮುಕ್ಕಾಲು ತಾಸು ಬೇಕು. ಮಾಲಕರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಮೊದಲು ಬಂದ ಮೂರು ಚೀಟಿ ತೆರೆದು ಗಟ್ಟಿಯಾಗಿ ಓದತೊಡಗಿದರು.

ಅವು ನನ್ನವು. ಹಳೆಯ ಬ್ಯಾಕಪ್ಪಿನ ಕಾಲದಲ್ಲಿ, ಮುಟ್ಟಬಾರದೆಂಬ ನನ್ನದೇ ನಿಯಮ ಮುರಿದು, ಅಲ್ಲೇ ಕಾಯುತ್ತ ಕೂತು ಟೈಪು ಮಾಡಿದ ರಜೆ ಅರ್ಜಿಗಳು. ಮೂರು ವರ್ಷದ ಮೂರು ಎಳ್ಳಮಾವಾಸ್ಯೆಯ ಹಿಂದಿನ ದಿನದವು. ಮೂರರಲ್ಲೂ ಖಜೂರಿಯ ನನ್ನ ಸೋದರತ್ತೆ ತೀರಿಕೊಂಡಿದ್ದರು.

"ಏನ್ರಿ ಇದು? ಒಬ್ಬಾಕಿನೇ ಅತ್ತಿ ವರ್ಷಾ ವರ್ಷಾ ಸಾಯ್ತಾಳ?"

ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಸಹಾಯಕ್ಕೆ ಬಂದರು. "ಬ್ಯಾಕಪ್ ಇತ್ತಲ್ರಿ ಸಾಹೇಬ್ರ, ವಾಪಸ್ ಬಂದಾಳ."

ಅಷ್ಟರಲ್ಲಿ ಕೊನೆಯ ಕಾಗದವೂ ಬಂತು. ಒಂದೂ ಕಳೆದಿರಲಿಲ್ಲ. ಮಾಲಕರು ಮೂರೂ ಅರ್ಜಿ ಮುಚ್ಚಿ ನನ್ನ ಕಡೆ ತಿರುಗಿದರು. "ಮಾತು ಮಾತೇ. ರಜಾ ಕೊಟ್ಟೇನಿ. ಈ ವರ್ಷಾದ್ರೂ ಆಕಿಗಿ ಬದುಕಾಕ ಬಿಡ್ರಿ. ನಾನೂ ಬರ್ತೇನಿ ನಿಮ್ಮ ಹೊಲಕ್ಕ. ಭಜ್ಜಿ ಯಾರ್ ಮಾಡ್ತಾರ?"

ಇನ್ನು ಮುಚ್ಚಿಡುವುದೇನು ಎಂದು ನಿಜವನ್ನೇ ಹೇಳಿದೆ.

"ಅದೇ ಅತ್ತಿ ರೀ."